ಪರದೆಯಿಂದ ಬಂದ ಕೈ

ಖಾಜಾ ಮಿಯಾ ಬಂದು ಪಡಸಾಲೆಯಲ್ಲಿ ಕೂತಾಗ ಸುಂದರಬಾಯಿ ಒಳಗೆ ಬಲಗೈಗೆ ಸಾಬೂನು ಸವರಿ ಬಳೆ ಕಳಚುತ್ತಿದ್ದಳು. ಹಸಿರು ಗಾಜಿನ ಬಳೆಗಳು. ಗಂಡ ಗಟ್ಟಿಮುಟ್ಟಾಗಿ ಬೀದರಿನ ಮೈಲೂರಿನಲ್ಲಿ ಕೂತಿರುವಾಗ ಮಗಳು ಹೀಗೆ ಕೈ ಬರಿದು ಮಾಡಿಕೊಳ್ಳುವುದನ್ನು ಕಂಡು ತಾಯಿ ಕಸ್ತೂರಿಬಾಯಿ ಬಂದು ಅವಳ ಮುಂಗೈ ಹಿಡಿದಳು.

"ಏನ್ ಮಾಡ್ಲತ್ತಿ ಇದು? ತಲಿ ನೆಟ್ಟಗ ಅದನೋ ಇಲ್ಲೋ?"

"ಸುಮ್ಮನಿರವ್ವಾ. ಹೊರಗ ಕೇಳಸ್ತದ."

"ಮುತ್ತೈದಿ ಕೈ..."

"ಒಂದ್ ಕೈ ಅಷ್ಟ. ಇನ್ನೊಂದು ಹಂಗೇ ಅದ."

ಗೋಡೆಯ ಪಕ್ಕ ಚಾಪೆಯ ಮೇಲೆ ತಂಗಿ ಶಿವಕಾಂತಾ ಮಲಗಿದ್ದಳು. ಹಣೆಯ ಮೇಲೆ ಒದ್ದೆ ಬಟ್ಟೆ. ಬೆಳಿಗ್ಗೆ ಟ್ಯಾಂಕರಿನ ಪಾಳಿಯಲ್ಲಿ ಕೊಡ ಹಿಡಿದು ನಿಂತವಳು ಬಿಸಿಲೇರುತ್ತಿದ್ದಂತೆ ಕಾಲಿನ ಕಸುವು ಉಡುಗಿ ಅಲ್ಲೇ ಕುಸಿದಿದ್ದಳು. ಅಕ್ಕಪಕ್ಕದವರು ಎತ್ತಿ ತಂದು ಮಲಗಿಸಿದ್ದರು. ಆ ವರ್ಷ ಔರಾದಿನಲ್ಲಿ ನೀರಿಗೆ ನಿಂತು ಕುಸಿದವರು ಬಹಳ ಮಂದಿ. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತರುತ್ತಾರಂತೆ ಎಂದು ಜನ ಬಾಯಿ ಬಾಯಿ ಬಿಡುತ್ತಿದ್ದ ಬೇಸಿಗೆ ಅದು. ಆದರೆ ಶಿವಕಾಂತಾ ಕುಸಿದದ್ದು ಬರೀ ಬಿಸಿಲಿಗಲ್ಲ ಎಂಬುದು ಮನೆಯವರಿಗೆ ಗೊತ್ತಿತ್ತು.

ಹೋದ ವರ್ಷ ಅವಳ ಕಾಲು ಜೋಮು ಹಿಡಿದು ಬಿಡಲೇ ಇಲ್ಲ. ಆಮೇಲೆ ಬಲಗಣ್ಣು ಮಂಕಾಯಿತು. ಕಿರಾಣಿ ಅಂಗಡಿಯ ಹಾವಗೆಪ್ಪ, ಎಂದರೆ ಇವರ ತಂದೆ, ಅಂಗಡಿಗೆ ಬೀಗ ಜಡಿದು ಮಗಳನ್ನು ಹೈದರಾಬಾದಿಗೆ ಕರೆದೊಯ್ದ. ಅಲ್ಲಿ ಯಂತ್ರದೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದರು. ಬೆನ್ನುಮೂಳೆಯ ಸಂದಿಗೆ ಸೂಜಿ ಚುಚ್ಚಿ ನೀರು ತೆಗೆದರು. ಕೊನೆಗೆ ರೋಗಕ್ಕೆ ಹೆಸರು ಸಿಕ್ಕಿತು: ಮಲ್ಟಿಪಲ್ ಸ್ಕ್ಲೆರೋಸಿಸ್. ಔರಾದಿನಲ್ಲಿ ಆ ಹೆಸರನ್ನು ಯಾರೂ ಕೇಳಿರಲಿಲ್ಲ. ಕೇಳಿದವರು ಎರಡನೆಯ ಸಲ ಕೇಳುವ ಗೋಜಿಗೂ ಹೋಗಲಿಲ್ಲ. ಬಲಗಣ್ಣು ಅರ್ಧ ಮರಳಿತು. ಎಡಗಣ್ಣು ಚೆನ್ನಾಗಿತ್ತು. ಆ ಎಡಗಣ್ಣಿನ ಬಲದಿಂದಲೇ ಶಿವಕಾಂತಾ ಹೊಲಿಗೆ ಯಂತ್ರದ ಮುಂದೆ ಕೂತು ಅರ್ಧ ಊರಿನ ಕುಪ್ಪಸ ಹೊಲಿಯುತ್ತಿದ್ದಳು. ಆದರೆ ಬೆನ್ನಿನ ನೀರು ತೆಗೆದ ಮೇಲೆ ಬಂದ ತಲೆನೋವು ಅವಳನ್ನು ದಿನಗಟ್ಟಲೆ ತಲೆಯೆತ್ತಲು ಬಿಟ್ಟಿರಲಿಲ್ಲ. ಅಂದಿನಿಂದ ಸೂಜಿ ಕಂಡರೆ ಹುಡುಗಿ ಗಡಗಡ ನಡುಗುತ್ತಿದ್ದಳು. "ಇನ್ನ ಸೂಜಿ ಬ್ಯಾಡ ಅಕ್ಕಾ" ಎಂದು ಅತ್ತಾಗ ಸುಂದರಬಾಯಿ ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು: "ನಾ ಇರೋತನಕ ನಿನಗ ಸೂಜಿ ಮುಟ್ಟಸಗೊಡಂಗಿಲ್ಲ." ಹಾಗೆ ಮಾತು ಕೊಡಬಾರದು. ಪ್ರೀತಿಯಲ್ಲಿ ಯಾರು ಯೋಚಿಸಿ ಮಾತಾಡುತ್ತಾರೆ?

ಈಗ ಸೂಜಿ ಪಡಸಾಲೆಯಲ್ಲೇ ಬಂದು ಕೂತಿತ್ತು. ಬೀದರಿನ ಪ್ರಯೋಗಾಲಯದಲ್ಲಿ ಬದರುನ್ನಿಸಾ ಎಂಬ ಸಂಶೋಧಕಿ ಈ ರೋಗದವರ ರಕ್ತ ಪರೀಕ್ಷಿಸುತ್ತಿದ್ದಳು. ಒಬ್ಬ ರೋಗಿಯ ರಕ್ತ, ಜೊತೆಗೆ ಒಡಹುಟ್ಟಿದ ಆರೋಗ್ಯವಂತರೊಬ್ಬರ ರಕ್ತ, ಎರಡೂ ಒಂದೇ ಹೊತ್ತಿಗೆ ಬೇಕು. ಔರಾದ ಬಸ್ ನಿಲ್ದಾಣದ ಎದುರು ರಕ್ತ ತಪಾಸಣೆಯ ಅಂಗಡಿ ಇಟ್ಟಿದ್ದ ಖಾಜಾ ಮಿಯಾ ಈ ಕಡೆಯ ರಕ್ತ ತೆಗೆದು ಮುಟ್ಟಿಸುತ್ತಿದ್ದ.

ಖಾಜಾ ಮಿಯಾನ ಪದ್ಧತಿ ಊರಿಗೆಲ್ಲ ಗೊತ್ತು. ಹೆಣ್ಣುಮಕ್ಕಳ ರಕ್ತ ತೆಗೆಯುವುದಿದ್ದರೆ ಆತ ಒಳಬಾಗಿಲ ಪರದೆಯ ಈಚೆ ಮಣೆ ಹಾಕಿಕೊಂಡು ಕೂರುತ್ತಾನೆ. ಪರದೆಯ ಆಚೆಯಿಂದ ಕೈ ಬರುತ್ತದೆ. ಆತ ಕೈ ನೋಡುತ್ತಾನೆ, ನರ ನೋಡುತ್ತಾನೆ, ಮುಖ ನೋಡುವುದಿಲ್ಲ. ಎಂಥ ಬಿಗಿ ಮನೆತನದ ಅತ್ತೆಯೂ ಸೊಸೆಯ ಕೈಯನ್ನು ಆತನ ಮುಂದೆ ಚಾಚಿಸುತ್ತಿದ್ದಳು. ಆ ಮರ್ಯಾದೆಯೇ ಆತನ ಅಂಗಡಿಯ ಬಂಡವಾಳ.

"ಮೈಯಾಗ ಆರಾಮಿಲ್ಲದ ಮಗಳದು ಮೊದಲ ಆಗ್ಲಿರಿ" ಎಂದ ಆತ ಹೊರಗಿನಿಂದ.

ಸುಂದರಬಾಯಿ ಬಳೆಯಿಲ್ಲದ ಬಲಗೈಯನ್ನು ಪರದೆಯಾಚೆ ಚಾಚಿದಳು. ಸೂಜಿ ನಾಟಿತು. ಹಸಿರು ಮುಚ್ಚಳದ ನಳಿಗೆ ತುಂಬಿತು. ಆತ ಅದರ ಮೇಲೆ ಶಿವಕಾಂತಾಳ ಹೆಸರಿನ ಚೀಟಿ ಅಂಟಿಸಿದ.

"ಈಗ ಅಕ್ಕನವರದು."

ತುಸು ಹೊತ್ತು ಬಿಟ್ಟು, ಕಾಲ ಸಪ್ಪಳ ಮಾಡಿ, ಸುಂದರಬಾಯಿ ಬಳೆ ತುಂಬಿದ ಎಡಗೈ ಚಾಚಿದಳು. ಹತ್ತಿ ಒತ್ತಿಹಿಡಿದು ತಿರುಗಿದಾಗ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಶಿವಕಾಂತಾ ನಿದ್ದೆಯಲ್ಲೇ ಇದ್ದಳು.

"ಏನ್ ಆಗ್ತದವ್ವಾ?" ಎಂದು ಸುಂದರಬಾಯಿ ಪಿಸುಗುಟ್ಟಿದಳು. "ಒಂದ ಹೊಟ್ಟ್ಯಾಗ ಹುಟ್ಟೀವಿ. ಅಕಿ ರಕ್ತ ಬ್ಯಾರೆ, ನನ್ನ ರಕ್ತ ಬ್ಯಾರೆ ಏನು?"

ಕಸ್ತೂರಿಬಾಯಿಗೂ ಆ ಮಾತು ಸರಿ ಎನಿಸಿತು. ಊರಿನಲ್ಲಿ ಯಾರನ್ನು ಕೇಳಿದ್ದರೂ ಸರಿ ಎನ್ನುತ್ತಿದ್ದರು.

ಬೇರೆ ಎಂದು ಹೇಳಿದವಳು ಬದರುನ್ನಿಸಾ ಒಬ್ಬಳೇ. ಹಿಂದಿನ ತಿಂಗಳು ಅಕ್ಕತಂಗಿಯರನ್ನು ಎದುರಿಗೆ ಕೂಡಿಸಿಕೊಂಡು ಅವಳು ಎಲ್ಲ ಬಿಡಿಸಿ ಹೇಳಿದ್ದಳು. ರಕ್ತದಲ್ಲಿ ಬಿಳಿ ಕಣಗಳಿವೆ, ಅವು ಮೈ ಕಾಯುವ ಕಾವಲುಗಾರರು. ಈ ರೋಗದಲ್ಲಿ ಕಾವಲುಗಾರರಿಗೆ ಬುದ್ಧಿ ಕೆಟ್ಟು ಸ್ವಂತ ಮನೆಯನ್ನೇ ಕೆಡವತೊಡಗುತ್ತಾರೆ. ಅವರ ಕೈಯಲ್ಲಿ ಕತ್ತರಿಯಂಥದೊಂದು ಕಿಣ್ವವಿದೆ. ಅದು ರಕ್ತಕ್ಕೂ ಮಿದುಳಿಗೂ ನಡುವಿನ ಗೋಡೆಯನ್ನು ಕತ್ತರಿಸಿ ದಾರಿ ಮಾಡುತ್ತದೆ. ಒಳಹೊಕ್ಕ ಕಣಗಳು ನರಗಳ ಮೇಲಿನ ಹೊದಿಕೆಯನ್ನು ಸುಲಿಯುತ್ತವೆ. ವೈರಿನ ಮೇಲಿನ ರಬ್ಬರು ಹೋದರೆ ದೀಪ ಮಿಣುಕುವ ಹಾಗೆ ಕಣ್ಣು ಮಿಣುಕುತ್ತದೆ, ಕಾಲು ಸೋಲುತ್ತದೆ.

"ಆ ಕತ್ತರಿ ಎಷ್ಟು ಜೋರ ನಡದದ ಅಂತ ನಾ ಅಳೀತೇನಿ" ಎಂದಿದ್ದಳು ಬದರುನ್ನಿಸಾ. "ಯಾರದು ಜೋರ ಅದ, ಅವರ ಹೆಸರು ಹೈದರಾಬಾದಿಗಿ ಹೋಗ್ತದ. ಅಲ್ಲಿ ಹೊಸ ಔಷಧಿ ಕೊಡ್ಲತ್ತಾರ. ಯಾರದು ತಣ್ಣಗದ, ಅವರು ಸದ್ಯಕ್ಕ ಕಾಯಬೇಕು. ಒಂದ ಮಾತು ನೆಪ್ಪಿಡ್ರಿ. ರೋಗ ಜೋರಾದಾಗ ಕೊಡೋ ಸ್ಟೀರಾಯ್ಡ್ ಸೂಜಿ ಮಾಡಿಸಿದ ಮ್ಯಾಲ ರಕ್ತ ತಗೊಂಡ್ರ ಕತ್ತರಿ ನಿದ್ದಿ ಮಾಡ್ತದ, ಖರೇ ಲೆಕ್ಕ ಸಿಗಂಗಿಲ್ಲ."

ಸುಂದರಬಾಯಿ ಗೋಣು ಹಾಕಿದ್ದಳು. ಗೋಣು ಹಾಕುವುದರಲ್ಲಿ ಅವಳು ಯಾವತ್ತೂ ಹಿಂದೆ ಬಿದ್ದವಳಲ್ಲ.

ಕೆಲವು ದಿನಗಳ ಮೇಲೆ ವರದಿ ಕೇಳಲು ಪ್ರಯೋಗಾಲಯಕ್ಕೆ ಹೋದವಳೂ ಅವಳೇ. ಮೈಲೂರಿನಿಂದ ಆಟೋದಲ್ಲಿ ಹೊರಟಾಗ ಮನಸ್ಸು ಹಗುರಾಗಿತ್ತು. ಬದರುನ್ನಿಸಾ ನಗುಮುಖದಿಂದ ಎದ್ದು ಬಂದಳು.

"ಖುಷಿ ಸುದ್ದಿ ಅದರಿ. ತಂಗಿ ಕಣ ತಣ್ಣಗವ. ನಿಮ್ಮವೂ ಹಂಗೇ. ಎರಡೂ ಅಳತಿ ಎಷ್ಟು ಕೂಡ್ಯಾವ ಅಂದ್ರ ನನಗೇ ಅಜೀಬ ಅನಸ್ತು. ಅಕ್ಕತಂಗೇರು ಅಂದ್ರ ಹಿಂಗಿರಬೇಕು ನೋಡ್ರಿ. ಔಷಧಿ ಪಟ್ಟಿಯಿಂದ ಅಕಿ ಹೆಸರು ತಗೀತೇನಿ. ಅಕಿಗಿಂತ ಗರ್ಜು ಇದ್ದವರಿಗೆ ಜಾಗಾ ಆಗ್ತದ."

ಅದು ಅಕ್ಕತಂಗಿಯರ ಅಳತೆಯಲ್ಲ, ಒಬ್ಬಳದೇ ಎರಡು ಕೈಗಳ ಅಳತೆ ಎಂದು ಸುಂದರಬಾಯಿಗೆ ಗೊತ್ತಿತ್ತು. ಆಗಲೇ ಹೇಳಬೇಕಿತ್ತು. ಬಾಯಿಯನ್ನೂ ತೆರೆದಳು. ಅಷ್ಟರಲ್ಲಿ ಬಾಗಿಲಲ್ಲಿ ಖಾಜಾ ಮಿಯಾ, ಥರ್ಮಾಕೋಲ್ ಡಬ್ಬಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಂದ. ಆ ರಕ್ತ ಬಿಸಿಲಿಗೂ ಕಾಯಬಾರದು, ಮಂಜುಗಡ್ಡೆಗೂ ತಾಕಬಾರದು, ಕಣಗಳು ಜೀವಂತ ಮುಟ್ಟಬೇಕು. ಬಸ್ಸಿನಲ್ಲಿ ನಿಂತುಕೊಂಡು ಬಂದರೂ ಡಬ್ಬಿ ಮಾತ್ರ ಆತನ ತೋಳು ಬಿಡುತ್ತಿರಲಿಲ್ಲ. "ಅಕ್ಕಾರ, ತಂಗಿ ಹ್ಯಾಂಗಿದ್ದಾಳ್ರಿ?" ಎಂದು ನೆಲ ನೋಡುತ್ತಲೇ ಕೇಳಿದ. ನಿಜ ಹೇಳಿದರೆ ಮೊದಲು ಹೋಗುವುದು ಈತನ ಕೆಲಸ, ಆಮೇಲೆ ಈತನ ಮರ್ಯಾದೆ. ಸುಂದರಬಾಯಿ ಬಾಯಿ ಮುಚ್ಚಿಕೊಂಡಳು. ಮನಸ್ಸಿನ ಇನ್ನೊಂದು ಮೂಲೆ ಆಗಲೇ ನೆಪ ಹುಡುಕಿಕೊಂಡಿತ್ತು: ಒಂದೇ ಹೊಟ್ಟೆಯ ರಕ್ತ, ನನ್ನದು ತಣ್ಣಗಿದ್ದರೆ ಅವಳದೂ ತಣ್ಣಗಿರುತ್ತದೆ.

ಔರಾದಿನಲ್ಲಿ ಹಾವಗೆಪ್ಪ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದ.

ಸುಂದರಬಾಯಿಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ. ರೊಟ್ಟಿ ಬಡಿಯುತ್ತ ಕೂತರೆ ಹೆಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ಗಂಡ ಏನಾಯಿತೆಂದು ಕೇಳಿದರೆ ಸೆಕೆ ಎನ್ನುತ್ತಿದ್ದಳು. ಫೋನು ಮಾಡಿದಾಗಲೆಲ್ಲ ತಂಗಿ ಆರಾಮಿದ್ದೇನೆ ಎನ್ನುತ್ತಿದ್ದಳು. ಅವಳ ದನಿಯೇಕೆ ಸಣ್ಣಗಾಗಿದೆ ಎಂದು ಕೇಳಲು ಅಕ್ಕನಿಗೆ ಧೈರ್ಯವಾಗಲಿಲ್ಲ.

ಕೊನೆಗೆ ತಾಳಲಾರದೆ ಒಂದು ಬೆಳಿಗ್ಗೆ ಮೊದಲ ಬಸ್ಸು ಹತ್ತಿ ತವರಿಗೆ ಬಂದಳು. ಶಿವಕಾಂತಾ ಯಂತ್ರದ ಮುಂದೆ ಕೂತಿದ್ದಳು. ಎದುರಿಗೆ ನೆರೆಯ ಕುಲಸುಮಬೀ, ಕೈಯಲ್ಲೊಂದು ಕೆಂಪು ಕುಪ್ಪಸ. ಕುಲಸುಮಬೀಯ ಕುಟುಂಬ ಅಂದು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿತ್ತು. ಗಂಟುಮೂಟೆ ಆಗಲೇ ಬಾಗಿಲ ಹೊರಗೆ ಬಂದಿತ್ತು. ಆ ಓಣಿಯಲ್ಲಿ ಅಷ್ಟರಲ್ಲೇ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು.

"ಬೇಟಿ, ಇದೇನಿದು? ಕೆಂಪು ಕುಪ್ಪಸಕ್ಕ ಇಟ್ಟಂಗಿ ಬಣ್ಣದ ದಾರ ಹಾಕೀದಿ?"

"ಕೆಂಪೇ ಅದಲ್ಲ ಚಾಚಿ."

"ಎಲ್ಲಿ ಕೆಂಪು? ನೋಡಿಲ್ಲಿ."

ಶಿವಕಾಂತಾ ಕುಪ್ಪಸವನ್ನು ಮುಖದ ಹತ್ತಿರ ತಂದಳು. ದೂರ ಹಿಡಿದಳು. ಅವಳ ಹುಬ್ಬು ಗಂಟಿಕ್ಕಿತು. ಕುಲಸುಮಬೀಗೆ ಹೊತ್ತಾಗಿತ್ತು. "ಹೋಗ್ಲಿ ಬಿಡು, ಅಲ್ಲಿ ಸಿಮೆಂಟ್ ಬುಟ್ಟಿ ಹೊರಾಕ ಯಾವ ದಾರ ಇದ್ರೇನು" ಎಂದು ನಕ್ಕು, ಕುಪ್ಪಸ ಗಂಟಿಗೆ ತುರುಕಿ, ಹುಡುಗಿಯ ಗಲ್ಲ ಸವರಿ ಹೋದಳು.

ಸುಂದರಬಾಯಿ ಯಂತ್ರದ ಬಳಿ ಬಂದು ಕೂತಳು. ದಾರದ ಡಬ್ಬಿಯಿಂದ ಒಂದು ಅಪ್ಪಟ ಕೆಂಪು ಉಂಡೆ ತೆಗೆದು ತಂಗಿಯ ಮುಂದೆ ಹಿಡಿದಳು.

"ಬಲಗಣ್ಣು ಮುಚ್ಚಕೊ. ಎಡಗಣ್ಣಲೆ ನೋಡಿ ಹೇಳು. ಇದು ಯಾವ ಬಣ್ಣ?"

"ಮಣ್ಣಿನ ಬಣ್ಣ ಇದ್ದಂಗ ಅದ. ನಡುವ ಮಬ್ಬು. ನಿನ್ನ ಮುಖಾನೂ ನಡುವ ಕಾಣ್ಸಂಗಿಲ್ಲ ಅಕ್ಕಾ."

"ಯಾವಾಗಿಂದ?"

"ರಿಪೋರ್ಟ್ ಬಂದ ವಾರದಿಂದ. ಕಣ್ಣ ಹೊಳ್ಳಿಸಿದ್ರ ನೋವೂ ಆಗ್ತದ. ಎಲ್ಲಾ ತಣ್ಣಗದ ಅಂದ್ರಲ್ಲ, ಬಿಸಿಲಿಗಿ ಹಿಂಗಾಗ್ಯಾದ ಅಂತ ಸುಮ್ಮನಿದ್ದೆ. ಅವ್ವ ಗುಲಾಬಿ ನೀರು ಹಾಕ್ಲತ್ತಾಳ."

ಒಂದು ಕಣ್ಣು ಮೊದಲೇ ಅರ್ಧ ಹೋಗಿತ್ತು. ಈಗ ಇದ್ದೊಂದು ಒಳ್ಳೆಯ ಕಣ್ಣೂ ಹೋಗುತ್ತಿತ್ತು. ವರದಿ ಸುಳ್ಳಾಗಿರದಿದ್ದರೆ ಹುಡುಗಿ ಮೊದಲ ದಿನವೇ ಕೂಗಿಕೊಳ್ಳುತ್ತಿದ್ದಳು, ಮನೆಯವರು ಮೊದಲ ದಿನವೇ ಎತ್ತಿಕೊಂಡು ಓಡುತ್ತಿದ್ದರು. ಇದು ತನ್ನ ಕೈಯಿಂದಾದದ್ದು ಎಂದು ಸುಂದರಬಾಯಿಗೆ ಅನುಮಾನ ಉಳಿಯಲಿಲ್ಲ. ಫೋನು ಹಚ್ಚಿದಳು.

ಬದರುನ್ನಿಸಾ ಭಾಲ್ಕಿಯಲ್ಲಿದ್ದಳು. ಅಲ್ಲೊಬ್ಬ ರೋಗಿಯ ರಕ್ತವನ್ನು ಖಾಜಾ ಮಿಯಾನಿಂದ ತೆಗೆಸಿಕೊಂಡು, ಆತನನ್ನೂ ಕರೆದುಕೊಂಡು ಮಧ್ಯಾಹ್ನದ ರೈಲಿಗೆ ಹೈದರಾಬಾದಿಗೆ ಹೊರಟಿದ್ದಳು. ಔಷಧಿಯ ಪಟ್ಟಿ ನಾಳೆ ಅಲ್ಲಿ ಪಕ್ಕಾ ಆಗುವುದಿತ್ತು. ಕಣ್ಣಿನ ಸಂಗತಿ ಕೇಳಿ ಅವಳ ದನಿ ಬದಲಾಯಿತು.

"ನೇರ ಬೀದರ ದವಾಖಾನಿಗಿ ಒಯ್ಯಿರಿ. ಸ್ಟೀರಾಯ್ಡ್ ಶುರು ಮಾಡಸ್ರಿ. ನಾ ಅಲ್ಲಿ ಡಾಕ್ಟರಿಗಿ ಹೇಳ್ತೇನಿ."

"ಇಲ್ಲರಿ ಬಾಯಾರ, ನಿಮ್ಮ ಕಡಿ ಬರ್ತೇವಿ. ಮೊದಲ ನೀವು ರಕ್ತ ತಗೋಬೇಕು."

"ರಕ್ತ ಕೊಟ್ಟಾಳಲ್ಲ! ಹುಚ್ಚಾ ನಿಮಗ? ಒಂದೊಂದು ತಾಸಿಗೂ ಕಣ್ಣಿನ ನರ ಸಾಯ್ಲತ್ತದ."

ಪಕ್ಕದಲ್ಲಿ ಅಪ್ಪ ನಿಂತಿದ್ದ, ಅವ್ವ ನಿಂತಿದ್ದಳು. ಸುಂದರಬಾಯಿಗೆ ಹೇಳಲಾಗಲಿಲ್ಲ. "ಬರ್ತೇವ್ರಿ" ಎಂದಷ್ಟೇ ಹೇಳಿ ಫೋನು ಇಟ್ಟಳು. ಬೀದರಿನಲ್ಲಿ ಆ ರೈಲು ನಿಲ್ಲುವ ಗಳಿಗೆಯಲ್ಲಿ ತಪ್ಪು ಒಪ್ಪಿಕೊಂಡು ರಕ್ತವನ್ನೂ ಕೊಡುವುದು ಆಗದ ಮಾತು. ಭಾಲ್ಕಿಯಲ್ಲೇ ಹಿಡಿಯಬೇಕು. ರಕ್ತಕ್ಕೆ ಮೊದಲು ಸ್ಟೀರಾಯ್ಡ್ ಆದರೆ ತಂಗಿಯ ಹೆಸರು ಪಟ್ಟಿಗೆ ಬರುವುದಿಲ್ಲ. ಸ್ಟೀರಾಯ್ಡ್ ತಡವಾದರೆ ಕಣ್ಣು ಉಳಿಯುವುದಿಲ್ಲ.

ಅಪ್ಪ ರೊಕ್ಕ ಹೊಂದಿಸಿಕೊಂಡು ನೇರ ಬೀದರಿನ ದವಾಖಾನೆಗೆ ಬರುವುದೆಂದಾಯಿತು. ಅಕ್ಕತಂಗಿಯರು ಹತ್ತಿದ ಭಾಲ್ಕಿಯ ಬಸ್ಸು ಕೆಲಸ ಹುಡುಕಿ ಗುಳೆ ಹೊರಟವರಿಂದ ಕಿಕ್ಕಿರಿದಿತ್ತು. ಕೊಡ, ಸ್ಟೋವು, ಚಾಪೆಯ ಸುರುಳಿ, ಕೋಳಿ ಸಮೇತ ಜನ ರೈಲಿಗೆ ಹೊರಟಿದ್ದರು. ಯಾರೋ ಎದ್ದು ಶಿವಕಾಂತಾಳಿಗೆ ಕಿಟಕಿಯ ಬದಿ ಜಾಗ ಕೊಟ್ಟರು. ಸುಂದರಬಾಯಿ ಅವಳ ಕೈ ಹಿಡಿದು ಪಕ್ಕದಲ್ಲಿ ನಿಂತಳು. ಊರು ದಾಟಿ ಬರಿಹೊಲಗಳು ಶುರುವಾದ ಮೇಲೆ ಶಿವಕಾಂತಾ ತಲೆಯೆತ್ತದೆ ಕೇಳಿದಳು:

"ಅಕ್ಕಾ, ನನ್ನ ರಕ್ತ ಯಾವಾಗ ತಗೊಂಡ್ರು?"

ಸುಂದರಬಾಯಿ ಕಿಟಕಿಯ ಹೊರಗೆ ನೋಡಿದಳು.

"ಅವತ್ತು ಎದ್ದಾಗ ನನ್ನ ಕೈಗಿ ಹತ್ತಿ ಇರಲಿಲ್ಲ. ಕೇಳಿದ್ರ ನಿನ್ನದಷ್ಟೇ ಸಾಕಂತ ಅಂದಿ. ಮತ್ತ ಬಾಯಾರು ನನ್ನ ಕಣ ತಣ್ಣಗವ ಅಂತ ಹ್ಯಾಂಗ ಹೇಳಿದ್ರು?"

ಬಸ್ಸಿನಲ್ಲಿ ಕೂಸೊಂದು ಅಳುತ್ತಿತ್ತು.  ಶಿವಕಾಂತಾ ಅಕ್ಕನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಅಷ್ಟು ಜನರ ನಡುವೆ ಸುಂದರಬಾಯಿಗೆ ತಾನೊಬ್ಬಳೇ ಎನಿಸಿತು.

ದಾರಿ ನಡುವೆ ಒಂದು ಹಳ್ಳಿಯ ಮುಂದೆ ಬಸ್ಸು ನಿಂತುಬಿಟ್ಟಿತು. ಹೆಂಗಸರು ಖಾಲಿ ಕೊಡಗಳನ್ನು ರಸ್ತೆಗಡ್ಡ ಸಾಲಾಗಿಟ್ಟು ಕೂತಿದ್ದರು. ಟ್ಯಾಂಕರು ಬಂದು ಎಷ್ಟೋ ದಿನವಾಗಿತ್ತಂತೆ. ಸಾಹೇಬರು ಬರುವ ತನಕ ಗಾಡಿ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಡ್ರೈವರು ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ತಗಡಿನ ಮೈ ಕಾದು ಒಳಗೆ ಒಲೆಯಾಯಿತು. ಶಿವಕಾಂತಾಳ ತಲೆ ಕಿಟಕಿಗೆ ವಾಲಿತು.

"ಅಕ್ಕಾ, ಕಾಲು ಇಲ್ಲದಂಗ ಆಗ್ಯಾವ. ಈಗ ಏನೂ ಕಾಣ್ಸಂಗಿಲ್ಲ."

ಸುಂದರಬಾಯಿ ಬಸ್ಸಿನಿಂದ ಧುಮುಕಿ ಹೆಂಗಸರ ನಡುವೆ ಹೋಗಿ ನಿಂತಳು.

"ಅವ್ವಗೋಳ್ರಾ, ದಾರಿ ಬಿಡ್ರಿ. ನನ್ನ ತಂಗಿ ಕಣ್ಣು ಹೊಂಟಾವ್ರಿ. ರೈಲು ತಪ್ಪಿದ್ರ ಹೋದಂಗ!"

"ಎಲ್ಲಾರೂ ಒಂದಿಲ್ಲೊಂದು ಹೇಳ್ತಾರ" ಎಂದಳು ಒಬ್ಬಳು. "ನೀರು ಬರ್ಲಿ, ಬಿಡ್ತೇವಿ."

"ನೀರು ನನ್ನ ಕೈಯಾಗಿಲ್ಲವ್ವಾ. ಕಣ್ಣು ಹೋದ್ರ ಅದು ನನ್ನ ಕೈಲೆ ಹೋಗ್ತದ. ನನ್ನ ಕೈಲೆ!"

ಆ ಕಡೆಯ ಮಾತಿನಲ್ಲಿ ಏನಿತ್ತೋ, ಮುದುಕಿಯೊಬ್ಬಳು ಎದ್ದು ಬಂದು ಬಸ್ಸಿನ ಕಿಟಕಿಯಲ್ಲಿ ಇಣುಕಿದಳು. ವಾಲಿದ ಹುಡುಗಿಯ ಮುಖ ನೋಡಿದಳು. ತನ್ನ ಕೊಡದ ತಳದಲ್ಲಿದ್ದ ಗುಟುಕು ನೀರಿನಲ್ಲಿ ಸೆರಗಿನ ತುದಿ ಅದ್ದಿ ಹುಡುಗಿಯ ನೆತ್ತಿಗೆ ಒತ್ತಿದಳು. ಆ ಬರದಲ್ಲಿ ಅಷ್ಟು ನೀರು ಯಾರೂ ಯಾರಿಗೂ ಕೊಡುತ್ತಿರಲಿಲ್ಲ. "ತಗೀರೇ ಕೊಡ" ಎಂದು ಗದರಿದಳು. ಹೆಂಗಸರು ಗೊಣಗುತ್ತಲೇ ಕೊಡಗಳನ್ನು ಬದಿಗೆ ಸರಿಸಿದರು.

ಭಾಲ್ಕಿ ಸ್ಟೇಶನ್ನಿಗೆ ಬಂದಾಗ ರೈಲು ನಿಂತಿತ್ತು. ಸುಂದರಬಾಯಿ ತಂಗಿಯನ್ನು ಬೆನ್ನ ಮೇಲೆ ಹೊತ್ತು ಪ್ಲಾಟ್‌ಫಾರಂ ಉದ್ದಕ್ಕೂ ಕಿಟಕಿ ಕಿಟಕಿ ಇಣುಕುತ್ತ ಓಡಿದಳು. ಗಾರ್ಡು ಸೀಟಿ ಊದಿದಾಗ ಖಾಜಾ ಮಿಯಾ ಒಂದು ಬಾಗಿಲಲ್ಲಿ ಕಂಡ. ಆತನೇ ಕೈ ಕೊಟ್ಟು ಇಬ್ಬರನ್ನೂ ಒಳಗೆಳೆದುಕೊಂಡ. ಬಾಗಿಲಲ್ಲಿ ನಿಂತ ಜನ ಸರಿದು ದಾರಿ ಮಾಡಿದರು. ಒಳಗೆ ಬದರುನ್ನಿಸಾ ಸೀಟಿನಿಂದೆದ್ದು ಶಿವಕಾಂತಾಳನ್ನು ಕೂಡಿಸಿದಳು, ಟಾರ್ಚು ಹಾಕಿ ಕಣ್ಣು ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

"ಹಿಂಗಾಗಾಕ ಸಾಧ್ಯ ಇಲ್ಲ. ಇಷ್ಟು ತಣ್ಣಗಿದ್ದ ಕಣ..."

"ಅದು ಅಕಿ ರಕ್ತ ಅಲ್ಲರಿ" ಎಂದಳು ಸುಂದರಬಾಯಿ.

ರೈಲು ಹೊರಟಿತ್ತು. ಸುತ್ತ ಗಂಟುಗಳ ಮೇಲೆ ಕೂತ ಜನ ಕಿವಿಗೊಟ್ಟು ಕೇಳುತ್ತಿದ್ದರು. ಇನ್ನು ನಾಚಿಕೆಗೆ ಸಮಯವಿರಲಿಲ್ಲ.

"ಎರಡೂ ಕೈ ನನ್ನವೇರಿ. ಬಲಗೈ ಅಕಿದು ಅಂತ ಕೊಟ್ಟೆ, ಎಡಗೈ ನಂದು ಅಂತ. ಖಾಜಾ ಚಾಚಾರದು ಏನೂ ತಪ್ಪಿಲ್ಲ. ಅವರು ಮುಖ ನೋಡಂಗಿಲ್ಲ, ಅದಕ್ಕ ನಾ ಮೋಸ ಮಾಡಿದೆ. ಒಂದ ರಕ್ತ ಅಂತ ತಿಳಕೊಂಡಿದ್ದೆ. ನೀವು ಅಳತಿ ಕೂಡ್ಯಾವ ಅಂದಾಗರೇ ಹೇಳಬೇಕಿತ್ತು. ಹೇಳ್ಲಿಲ್ಲ."

ಬದರುನ್ನಿಸಾ ಟಾರ್ಚು ಆರಿಸಿದಳು. ಆಮೇಲೆ ಸಿಟ್ಟು ಸಿಡಿಯಿತು.

"ನಿಮ್ಮ ಪ್ರೀತಿಗಿಷ್ಟು ಬೆಂಕಿ ಹಚ್ಚ! ನಾ ಈ ಹುಡುಗಿ ಹೆಸರು ನನ್ನ ಕೈಲೆ ಹೊಡದು ಹಾಕೀನಿ. ಗೊತ್ತದನು?"

ಸುಂದರಬಾಯಿ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅತ್ತುಬಿಡುತ್ತಿದ್ದಳು. ಖಾಜಾ ಮಿಯಾ ಬಾಯಿ ಬಿಟ್ಟ:

"ನಂದೂ ತಪ್ಪದ ಬಾಯಾರ. ಬಲಗೈ ಮ್ಯಾಲ ಬಳಿ ಒತ್ತಿದ ಗುರುತು ಕಂಡಿತ್ತು. ಲಗ್ನ ಇಲ್ಲದ ಹುಡುಗಿ ಕೈಗಿ ಇಷ್ಟು ಬಳಿ ಯಾಕ ಅಂತ ಮನಸಿನಾಗ ಬಂತು. ಮುಖ ಎತ್ತಿ ಕೇಳ್ಲಿಲ್ಲ. ಮರ್ಯಾದಿ ಅಂದುಕೊಂಡೆ."

"ಮರ್ಯಾದಿ ಆಮ್ಯಾಲ ನೋಡೋಣ. ಸೂಜಿ ತಗೀರಿ" ಎಂದಳು ಬದರುನ್ನಿಸಾ. "ಬೀದರ ಬರೋದ್ರಾಗ ಆಗಬೇಕು. ಅಲ್ಲಿ ಇವರು ಇಳದು ದವಾಖಾನಿಗಿ ಹೋಗ್ಲಿ. ನಳಿಗಿ ನನ್ನ ಜೋಡಿ ಹೈದರಾಬಾದಿಗಿ ಬರ್ಲಿ."

ಓಡುವ ರೈಲು ಗಡಗಡ ಅದುರುತ್ತಿತ್ತು. ನೀರಡಿಕೆಯಿಂದ ಸೊರಗಿದ ಶಿವಕಾಂತಾಳ ನರ ಕೈಗೆ ಸಿಗುತ್ತಿರಲಿಲ್ಲ. ಖಾಜಾ ಮಿಯಾ ಎರಡು ಸಲ ಸೂಜಿ ಒಯ್ದು ಎರಡು ಸಲ ಹಿಂದೆಗೆದ. ನಡುವಿನ ಸಣ್ಣ ಸ್ಟೇಶನ್ನಿನಲ್ಲಿ ಗಾಡಿ ನಿಂತಿತು. ಬಿಟ್ಟರೆ ಮತ್ತೆ ನಿಲ್ಲುವುದು ಬೀದರಿನಲ್ಲೇ.

"ಈಗ" ಎಂದಳು ಬದರುನ್ನಿಸಾ.

ಅಷ್ಟು ಗಂಡಸರು ನೋಡುತ್ತಿದ್ದರು. ಸುಂದರಬಾಯಿ ತನಗೆ ಅರಿವಿಲ್ಲದೆಯೇ ಸೆರಗು ಹರವಿ ತಂಗಿಗೆ ಪರದೆ ಹಿಡಿದಳು. ಸೂಜಿ ಮಿಂಚಿದ್ದು ಕಂಡಿತು. ಶಿವಕಾಂತಾಳ ಮೈ ನಡುಗಿದ್ದು ಕಂಡಿತು. ಸುಂದರಬಾಯಿಯ ಬಲಗೈ ತಾನಾಗಿ ಮುಂದೆ ಹೋಗಿ ಸೂಜಿಗೂ ತಂಗಿಗೂ ನಡುವೆ ಬಂತು.

"ಕೈ ತಗಿ ಅಕ್ಕಾ" ಎಂದಳು ಶಿವಕಾಂತಾ.

ಸುಂದರಬಾಯಿಗೆ ಕೈ ತೆಗೆಯಲಾಗಲಿಲ್ಲ. ಶಿವಕಾಂತಾ ತಡವುತ್ತ ಆ ಕೈಯನ್ನು ಹುಡುಕಿ ಬದಿಗೆ ಸರಿಸಿದಳು. ಸೆರಗನ್ನೂ ಜಗ್ಗಿ ಕೆಳಗೆ ಬಿಟ್ಟಳು. ಹಲ್ಲು ಕಚ್ಚಿ ತನ್ನ ಕೈಯನ್ನು ಎಲ್ಲರೆದುರು ಉದ್ದಕ್ಕೆ ಚಾಚಿದಳು.

"ಚಾಚಾ, ನನ್ನ ಮುಖ ನೋಡ್ರಿ. ನಾ ಶಿವಕಾಂತಾ. ಈಗ ತಗೋರಿ."

ಖಾಜಾ ಮಿಯಾ ಮುಖ ಎತ್ತಿ ನೋಡಿದ. ಆಮೇಲೆ ಸೂಜಿ ಹಾಕಿದ. ಹಸಿರು ಮುಚ್ಚಳದ ನಳಿಗೆ ತುಂಬುವುದಕ್ಕೂ ಗಾಡಿ ಜಗ್ಗುವುದಕ್ಕೂ ಸರಿಹೋಯಿತು.

ಬೀದರಿನಲ್ಲಿ ಅಂದೇ ಸ್ಟೀರಾಯ್ಡ್ ಶುರುವಾಯಿತು. ಹೈದರಾಬಾದಿನಿಂದ ಬದರುನ್ನಿಸಾ ಫೋನು ಮಾಡಿದಳು. ಅಕ್ಕನ ಕಣಗಳಲ್ಲಿ ತೂಕಡಿಸುತ್ತಿದ್ದ ಕಿ‍ಣ್ವ ತಂಗಿಯ ಕಣಗಳಲ್ಲಿ ಎಷ್ಟೋ ಪಟ್ಟು ಜೋರಾಗಿ ಉರಿಯುತ್ತಿತ್ತು. ಒಂದೇ ಹೊಟ್ಟೆ, ಒಂದೇ ಬಾವಿಯ ನೀರು, ಒಂದೇ ಒಲೆಯ ರೊಟ್ಟಿ, ಆದರೂ ಒಬ್ಬಳ ಕಾವಲುಗಾರರು ಮನೆ ಕಾಯುತ್ತಿದ್ದರು, ಇನ್ನೊಬ್ಬಳವರು ಮನೆ ಕೆಡವುತ್ತಿದ್ದರು. ಶಿವಕಾಂತಾಳ ಹೆಸರು ಮತ್ತೆ ಪಟ್ಟಿಗೆ ಏರಿತು. ಖಾಜಾ ಮಿಯಾನ ಕೆಲಸವೂ ಉಳಿಯಿತು, ಮುಖ ನೋಡಿ ಹೆಸರು ಕೇಳಬೇಕೆಂಬ ಕರಾರಿನ ಮೇಲೆ. ಆತನ ಪರದೆಯ ಪದ್ಧತಿ ಹೋಯಿತೆಂದು ಕೆಲವು ಅತ್ತೆಯಂದಿರು ಮೂಗು ಮುರಿದರು.

ಮಳೆಗಾಲದ ಹೊತ್ತಿಗೆ ಎಡಗಣ್ಣಿನ ಮಬ್ಬು ಹರಿಯಿತು. ಅಕ್ಷರ ಕಂಡವು, ಸೂಜಿಯ ಕಣ್ಣು ಕಂಡಿತು, ದಾರ ಪೋಣಿಸಲು ಬಂತು. ಆದರೆ ಕೆಂಪು ಮರಳಲಿಲ್ಲ. ಸ್ಟೀರಾಯ್ಡ್ ಬೇಗ ಸಿಕ್ಕಿದ್ದರೆ ಅದೂ ಮರಳುತ್ತಿತ್ತೇ ಎಂದು ಸುಂದರಬಾಯಿ ಬದರುನ್ನಿಸಾಳನ್ನು ಕೇಳಿದಳು. "ಹೇಳಾಕ ಬರಂಗಿಲ್ಲರಿ" ಎಂದಳು ಅವಳು. ಆ ಉತ್ತರದ ಜೊತೆಗೇ ಬಾಳಬೇಕಾಗಿ ಬಂತು.

ಬಸ್ಸಿನಲ್ಲಿ ಕೈ ಬಿಡಿಸಿಕೊಂಡಂದಿನಿಂದ ಶಿವಕಾಂತಾ ಅಕ್ಕನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಉಂಡಿಯಾ, ಬಂದಿಯಾ, ಹೊಂಟಿಯಾ. ಸುಂದರಬಾಯಿ ಪ್ರತಿ ವಾರ ಔರಾದಿಗೆ ಬಂದು ಗುಂಡಿ ಹಚ್ಚಿ, ಮಡಿಕೆ ಹಾಕಿ, ಸುಮ್ಮನೆ ಹೋಗುತ್ತಿದ್ದಳು.

ನಾಗರಪಂಚಮಿಯ ಸುಮಾರಿಗೆ ಕುಲಸುಮಬೀ ಊರಿಗೆ ಬಂದಳು. ಮಗಳ ಲಗ್ನ ಗೊತ್ತಾಗಿತ್ತು. ಕೆಂಪು ಬಟ್ಟೆ ತಂದು ಶಿವಕಾಂತಾಳ ಮುಂದೆ ಹರವಿದಳು. "ಈ ಸಲ ದಾರ ಕೂಡಿಸಿ ಹಾಕು ಬೇಟಿ" ಎಂದು ನಕ್ಕು ಹೋದಳು. ಅವಳಿಗೇನೂ ಗೊತ್ತಿರಲಿಲ್ಲ.

ಶಿವಕಾಂತಾ ಬಟ್ಟೆಯನ್ನು ಬಹಳ ಹೊತ್ತು ಸವರುತ್ತ ಕೂತಳು. ಡಬ್ಬಿಯಿಂದ ಎರಡು ಉಂಡೆ ದಾರ ತೆಗೆದು ಎರಡೂ ಅಂಗೈಯಲ್ಲಿಟ್ಟು ಗುಂಡಿ ಹಚ್ಚುತ್ತ ಕೂತಿದ್ದ ಅಕ್ಕನ ಕಡೆ ಚಾಚಿದಳು. 

"ನನಗ ಎರಡೂ ಒಂದ ಕಾಣ್ತಾವ. ಇದರಾಗ ಕೆಂಪು ಯಾವುದು?"

ಸುಂದರಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಳಬ್ಯಾಡ" ಎಂದಳು ಶಿವಕಾಂತಾ. "ಖರೇ ಅಷ್ಟ ಹೇಳು."